ಹಿಂದಿನ ಚಕ್ರದ ಡಿಸ್ಕ್, ಪ್ಯಾಡ್ ಮನೆಯಲ್ಲೇ ಬದಲಿಸಿದೆ: ಒಳಗಿನ ಪ್ಯಾಡ್ ನೋಡದೆ ಸುಮ್ಮನಿರಬೇಡಿ

ಟಿಳಕವಾಡಿ ಲಾರಾ, ಬೆಳಗಾವಿ · ಭಾನುವಾರ ರಾತ್ರಿ 9:40

ಉಗುರಿನ ಸಂದಿಯಲ್ಲಿ ಬ್ರೇಕ್ ಧೂಳಿನ ಕಪ್ಪು ಇನ್ನೂ ಹಾಗೇ ಇದೆ. ಎಲ್ಲ ನೆನಪಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ಗಾಡಿ 2012ರ ಸ್ಕೋಡಾ ಲಾರಾ, ಡೀಸೆಲ್. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ಚಕ್ರದ ಜೊತೆ ತಿರುಗುವ ಬಿಲ್ಲೆ ಡಿಸ್ಕ್, ಅದನ್ನು ಒಳಗಿನಿಂದ ಹೊರಗಿನಿಂದ ಒತ್ತಿ ಹಿಡಿಯುವುದು ಪ್ಯಾಡ್. ಇವತ್ತು ಹಿಂದಿನ ಎರಡೂ ಚಕ್ರದ ಡಿಸ್ಕ್, ಪ್ಯಾಡ್ ಬದಲಿಸಿದೆ. ಮನೆ ಮುಂದಿನ ಸಿಮೆಂಟ್ ನೆಲದ ಮೇಲೆ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆ. ಮುಗಿದಾಗ ಸಂಜೆ ನಾಲ್ಕು.

ಇದಕ್ಕೆ ಕೈ ಹಾಕಿದ್ದು ಯಾಕೆ ಅಂತ ಮೊದಲು ಹೇಳುತ್ತೇನೆ. ಕಳೆದ ತಿಂಗಳು ಗಾಡಿಯನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ಗೋವಾಕ್ಕೆ ಹೋಗಬೇಕು, ಬ್ರೇಕ್ ಸರಿಯಾಗಿ ನೋಡಿ ಅಂತ ಹೇಳಿಯೇ ಬಿಟ್ಟಿದ್ದೆ. ಗ್ಯಾರೇಜಿನ ಹುಡುಗ ಚಕ್ರ ಬಿಚ್ಚಲಿಲ್ಲ. ಅಲಾಯ್ ಚಕ್ರದ ಸಂದಿಯಿಂದ ಬ್ಯಾಟರಿ ಬೆಳಕು ಬಿಟ್ಟು ನೋಡಿದ. "ಪ್ಯಾಡ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ ಸರ್" ಅಂದ. ಆ ಮಾತು ನಂಬಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಟೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಎಡಗಡೆ ಹಿಂದಿನ ಚಕ್ರದಿಂದ ಸದ್ದು ಬಂತು. ಪ್ಯಾಡ್ ಕಿರ್ ಅನ್ನುವ ತೆಳು ಸದ್ದಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಎರಡನೇ ಗೇರಿಗೆ ಹಾಕಿ, ಆದಷ್ಟು ಬ್ರೇಕ್ ಮುಟ್ಟದೆ ಕೆಳಗಿಳಿಸಿದೆ. ವಾಪಸ್ ಬರುವಾಗ ಮನೆಯವರನ್ನು ಬಸ್ಸಿಗೆ ಹತ್ತಿಸಿ ನಾನೊಬ್ಬನೇ ನಿಧಾನ ತಂದೆ.

ಇವತ್ತು ಚಕ್ರ ಬಿಚ್ಚಿ ನೋಡಿದರೆ ಆ ಹುಡುಗ ಹೇಳಿದ್ದು ಸುಳ್ಳೇನಲ್ಲ. ಎಡಗಡೆಯ ಹೊರಗಿನ ಪ್ಯಾಡಿನಲ್ಲಿ 6 ಮಿ.ಮೀ. ಲೈನಿಂಗ್ (ಡಿಸ್ಕಿಗೆ ಉಜ್ಜುವ ಪದರ) ಇತ್ತು. ಒಳಗಿನ ಪ್ಯಾಡಿನಲ್ಲಿ ಏನೇನೂ ಇರಲಿಲ್ಲ. ಹಿಂದಿನ ಕಬ್ಬಿಣದ ತಗಡೇ ಸವೆದು ಹೊಳೆಯುತ್ತಿತ್ತು. ಡಿಸ್ಕಿನ ಹೊರಮೈ ನುಣ್ಣಗಿತ್ತು. ಒಳಮೈ ಮೇಲೆ ಬೆರಳು ಆಡಿಸಿದರೆ ಗೀರುಗಳಿಗೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ನಿಂತುಕೊಂಡು ನೋಡುವವರಿಗೆ ಹೊರಮೈ ಮಾತ್ರ ಕಾಣುತ್ತದೆ.

ಹೀಗೆ ಯಾಕೆ ಆಗುತ್ತದೆ? ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್. ಈ ತರಹದ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ, ಅದೂ ಒಳಗಡೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಮೊದಲು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಆ ಪಿನ್ ಹಿಡಿದುಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ. ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ. ನನ್ನ ಎಡಗಡೆ ಕೆಳಗಿನ ಪಿನ್ನನ್ನು ಕೈಯಿಂದ ಎಳೆದರೆ ಬರಲೇ ಇಲ್ಲ. ಪ್ಲೈಯರ್ ಹಾಕಿ ತಿರುಗಿಸುತ್ತಾ ತಿರುಗಿಸುತ್ತಾ ತೆಗೆದೆ. ಮೇಲಿದ್ದ ಗ್ರೀಸು ತಳ ಹಿಡಿದ ಬೆಲ್ಲದ ಪಾಕದ ಹಾಗೆ ಕಂದಾಗಿ ಗಟ್ಟಿಯಾಗಿತ್ತು. ರಬ್ಬರ್ ತೊಪ್ಪಿಗೆಯಲ್ಲಿ ಸಣ್ಣ ಸೀಳು. ನೀರು ಅಲ್ಲಿಂದಲೇ ಹೋಗಿದೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ.

ಇನ್ನು ಕೆಲಸದ ವಿಷಯ. ಗಾಡಿಯನ್ನು ಗೇರಿನಲ್ಲಿ ಬಿಟ್ಟು, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೆ. ಹ್ಯಾಂಡ್ ಬ್ರೇಕ್ ಬಿಟ್ಟೇ ಇರಬೇಕು, ಇಲ್ಲವಾದರೆ ಹಿಂದಿನ ಕ್ಯಾಲಿಪರ್ ಬಿಚ್ಚಲು ಬರುವುದಿಲ್ಲ. ಚಕ್ರದ ಬೋಲ್ಟು ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ.

ಪಿನ್ನಿನ ಬೋಲ್ಟಿಗೆ 13ರ ಪಾನಾ. ಪಿನ್ ಜೊತೆಗೇ ತಿರುಗುತ್ತದೆ, ಅದಕ್ಕೆ 15ರ ತೆಳು ಪಾನಾದಿಂದ ಅದನ್ನು ಹಿಡಿದುಕೊಳ್ಳಬೇಕು. ಕ್ಯಾಲಿಪರ್ ಕೈಗೆ ಬಂದ ಮೇಲೆ ತಂತಿ ಹಾಕಿ ಸ್ಪ್ರಿಂಗಿಗೆ ಕಟ್ಟಿದೆ. ರಬ್ಬರ್ ಪೈಪಿನ ಮೇಲೆ ಅದನ್ನು ನೇತಾಡಲು ಬಿಡಬಾರದು. ಪೈಪು ಒಳಗೇ ಹರಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆಮೇಲೆ ಪ್ಯಾಡ್ ಕೂರುವ ದೊಡ್ಡ ಬ್ರ್ಯಾಕೆಟ್ ಬಿಚ್ಚಬೇಕು. ಅದರ ಎರಡು ಬೋಲ್ಟು ಸಡಿಲ ಮಾಡಲು ಒಂದು ತಾಸು ಹೋಯಿತು. ಉದ್ದ ಪೈಪ್ ಹಾಕಿ ಎಳೆದ ಮೇಲೆ ಟಕ್ ಅಂತ ಬಿಟ್ಟಿತು. ಗಾಡಿ ಸ್ಟ್ಯಾಂಡ್ ಮೇಲಿರುವಾಗ ಇಷ್ಟು ಜೋರು ಹಾಕುತ್ತೀರಿ ಅನ್ನುವುದು ತಲೆಯಲ್ಲಿರಲಿ. ಎಳೆತ ಗಾಡಿಯನ್ನು ಪಕ್ಕಕ್ಕೆ ತಳ್ಳುವ ದಿಕ್ಕಿನಲ್ಲಿ ಇರಬಾರದು.

ಡಿಸ್ಕ್ ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ತುಕ್ಕಿನಿಂದ ಅಂಟಿಕೊಂಡಿತ್ತು. ಮರದ ತುಂಡು ಇಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಸುತ್ತಲೂ ಸುತ್ತಿಗೆಯಿಂದ ಬಡಿದಾಗ ಬಂತು. ಹಳೆಯ ಡಿಸ್ಕ್ ದಪ್ಪ ಅಳೆದೆ. ಹೊಸದಕ್ಕೆ 10 ಮಿ.ಮೀ., 8ಕ್ಕೆ ಬಂದರೆ ತೆಗೆಯಬೇಕು. ನನ್ನದು ಎಡಕ್ಕೆ 7.6 ಇತ್ತು, ಬಲಕ್ಕೆ 8.7. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಅಂಚಿನಲ್ಲೋ ನಡುವಿನ ಟೊಪ್ಪಿಯ ಮೇಲೋ ಅಚ್ಚು ಹಾಕಿರುತ್ತಾರೆ, ನಿಮ್ಮ ಗಾಡಿಯದು ಅಲ್ಲೇ ನೋಡಿಕೊಳ್ಳಿ. ಒಂದೇ ಕಡೆ ಹಾಳಾಗಿದ್ದರೂ ಎರಡೂ ಕಡೆ ಬದಲಿಸಬೇಕು. ಒಂದು ಕಡೆ ಜಾಸ್ತಿ ಹಿಡಿದು ಇನ್ನೊಂದು ಕಡೆ ಕಡಿಮೆ ಹಿಡಿದರೆ ಮಳೆಯಲ್ಲಿ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಈಗ ಮುಖ್ಯ ಮಾತು. ಮುಂದಿನ ಬ್ರೇಕಿನಲ್ಲಿ ಪಿಸ್ಟನ್ನನ್ನು ಸಿ-ಕ್ಲ್ಯಾಂಪ್ ಹಾಕಿ ನೇರ ಒಳಗೆ ಒತ್ತಿದರೆ ಆಯಿತು. ಇದರ ಹಿಂದಿನದಕ್ಕೆ ಹಾಗೆ ಮಾಡಲೇಬಾರದು. ಹ್ಯಾಂಡ್ ಬ್ರೇಕಿನ ಸ್ಕ್ರೂ ಪಿಸ್ಟನ್ ಒಳಗೇ ಇರುತ್ತದೆ. ಒತ್ತುತ್ತಾ ಒತ್ತುತ್ತಾ ತಿರುಗಿಸಬೇಕು. ನನ್ನದರಲ್ಲಿ ಎರಡೂ ಕಡೆ ಗಡಿಯಾರದ ಮುಳ್ಳು ತಿರುಗುವ ದಿಕ್ಕು. ಕೆಲವು ಗಾಡಿಗಳಲ್ಲಿ ಒಂದು ಕಡೆ ಉಲ್ಟಾ ಇರುತ್ತದೆ. ಸುಮ್ನೆ ಬಲ ಹಾಕಿ ಒತ್ತಿದರೆ ಒಳಗಿನ ಸ್ಕ್ರೂ ಹಾಳಾಗಿ ಹೊಸ ಕ್ಯಾಲಿಪರ್ ತರಬೇಕಾಗುತ್ತದೆ. ಇದಕ್ಕೆ ಪಿಸ್ಟನ್ ತಿರುಗಿಸುವ ಕಿಟ್ ಅಂತಲೇ ಸಿಗುತ್ತದೆ. ಅದೊಂದನ್ನು ಕೊಳ್ಳದೆ ಶುರು ಮಾಡಬೇಡಿ. ಪಿಸ್ಟನ್ ಒಳಗೆ ಹೋದ ಹಾಗೆ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೆ ಏರುತ್ತದೆ. ಮೊದಲೇ ಸಿರಿಂಜಿನಿಂದ ಸ್ವಲ್ಪ ತೆಗೆದಿಡಿ. ಚೆಲ್ಲಿದರೆ ಪೇಂಟ್ ತಿಂದುಬಿಡುತ್ತದೆ.

ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿದೆ. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆ. ಎರಡೂ ಕಡೆಯ ಪಿನ್ ತೊಳೆದು, ಹೊಸ ತೊಪ್ಪಿಗೆ ಹಾಕಿ, ಸಿಲಿಕೋನ್ ಗ್ರೀಸ್ ಹಚ್ಚಿದೆ. ಪಿನ್ ಬೋಲ್ಟುಗಳನ್ನು ಹೊಸದೇ ಹಾಕಿ 35 ಎನ್‌ಎಂಗೆ ಬಿಗಿದೆ, ಚಕ್ರದ ಬೋಲ್ಟು 120 (ಎನ್‌ಎಂ ಅಂದರೆ ನ್ಯೂಟನ್ ಮೀಟರ್, ಬಿಗಿತದ ಅಳತೆ). ಎಲ್ಲ ಆದ ಮೇಲೆ ಗಾಡಿ ಅಲುಗಿಸುವ ಮುಂಚೆ ಪೆಡಲನ್ನು ಹತ್ತು-ಹದಿನೈದು ಸಲ ಒತ್ತಿದೆ. ಮೊದಲ ನಾಲ್ಕೈದು ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ಗೇರ್ ಹಾಕಿದರೆ ಗಾಡಿ ನಿಲ್ಲುವುದೇ ಇಲ್ಲ.

ಪ್ರಶ್ನೆ ಇದ್ದರೆ ಕೇಳಿ.

ಖಾನಾಪುರ ರಸ್ತೆ, ಬೆಳಗಾವಿ · ಭಾನುವಾರ ರಾತ್ರಿ 10:25

ಸರ್, ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಎಣ್ಣೆ ಬದಲಿಸುವುದು, ಫಿಲ್ಟರ್ ಬದಲಿಸುವುದು ಮನೆಯಲ್ಲಿ ಮಾಡಲಿ. ಬ್ರೇಕ್ ಬೇರೆ. ಇಲ್ಲಿ ತಪ್ಪಾದರೆ ಎದುರಿಗೆ ಬರುವವನ ಜೀವವೂ ಹೋಗುತ್ತದೆ.

ನಮ್ಮ ಓಣಿಯಲ್ಲೇ ಒಬ್ಬರು ಗಾಡಿಯ ಜೊತೆ ಬಂದ ಜಾಕ್ ಮೇಲೇ ಗಾಡಿ ನಿಲ್ಲಿಸಿ ಚಕ್ರ ಬಿಚ್ಚಿದ್ದರು. ಮಳೆಗಾಲ, ನೆಲ ಮೆತ್ತಗಿತ್ತು. ಜಾಕ್ ಓರೆಯಾಗಿ ಗಾಡಿ ಡಿಸ್ಕ್ ಮೇಲೇ ಕೂತಿತು. ಕೈ ಒಂದು ಗೇಣು ಆಚೆ ಇತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆ ನಾನು ಚಕ್ರ ಬಿಚ್ಚುವ ಕೆಲಸಕ್ಕೇ ಹೋಗಿಲ್ಲ.

ಟಿಳಕವಾಡಿ ಲಾರಾ · ಭಾನುವಾರ ರಾತ್ರಿ 10:50

ಬೇಸರ ಯಾಕೆ ಸರ್, ಸರಿಯಾದ ಮಾತು. ಗಾಡಿಯ ಜೊತೆ ಬರುವ ಜಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ನಾನು ಟ್ರಾಲಿ ಜಾಕಿನಿಂದ ಎತ್ತಿ, ಎರಡು ಸ್ಟ್ಯಾಂಡ್ ಕೊಟ್ಟು, ಬಿಚ್ಚಿದ ಚಕ್ರವನ್ನು ಅಡ್ಡ ಮಲಗಿಸಿ ಗಾಡಿಯ ಕೆಳಗೆ ತಳ್ಳಿದ್ದೆ. ಸ್ಟ್ಯಾಂಡ್ ಜಾರಿದರೂ ಗಾಡಿ ಚಕ್ರದ ಮೇಲೆ ಕೂರುತ್ತದೆ. ಮಣ್ಣು ನೆಲ, ಇಳಿಜಾರು ಇದ್ದರೆ ಮಾಡಲೇಬೇಡಿ. ಬಿಗಿತ ಅಳೆದು ಬಿಗಿಯುವ ಟಾರ್ಕ್ ರೆಂಚ್ ಇಲ್ಲದವರೂ ಬೇಡ.

ಗ್ಯಾರೇಜಿಗೆ ಕೊಡುವವರು ಕೊಡಲಿ. ಆದರೆ ಚಕ್ರ ಬಿಚ್ಚಿಸಿ, ಒಳಗಿನ ಪ್ಯಾಡ್ ತೋರಿಸಿ ಅಂತ ಕೇಳಿ. ಅಷ್ಟು ಕೇಳಿದ್ದರೆ ನಾನು ಮಕ್ಕಳನ್ನು ಕೂರಿಸಿಕೊಂಡು ಆ ಘಾಟ್ ಇಳಿಯುತ್ತಿರಲಿಲ್ಲ.

ಗುಮ್ಮಟದೂರು, ವಿಜಯಪುರ · ಸೋಮವಾರ ಬೆಳಿಗ್ಗೆ 7:15

ಅಣ್ಣಾ, ನನ್ನದು ಹೊಸ ಗಾಡಿ. ಹ್ಯಾಂಡ್ ಬ್ರೇಕಿಗೆ ಲಿವರ್ ಇಲ್ಲ, ಬಟನ್ ಇದೆ. 38,000 ಕಿ.ಮೀ. ಆಗಿದೆ, ಹೆಚ್ಚು ಓಡಿದ್ದು ಸೋಲಾಪುರ ರಸ್ತೆಯಲ್ಲಿ. ಮುಂದಿನ ಪ್ಯಾಡ್ ಇನ್ನೂ ಇವೆ, ಹಿಂದಿನವೇ ಮೊದಲು ಮುಗಿದಿವೆ. ಇದು ಹೇಗೆ? ಬ್ರೇಕಿನ ಜೋರೆಲ್ಲ ಮುಂದಿನ ಚಕ್ರದ್ದು ಅಂತ ಕೇಳಿದ್ದೆ. ನನ್ನದಕ್ಕೂ ಪಿಸ್ಟನ್ ತಿರುಗಿಸಬೇಕಾ?

ಟಿಳಕವಾಡಿ ಲಾರಾ · ಸೋಮವಾರ ಬೆಳಿಗ್ಗೆ 8:05

ಜೋರಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಆಗ ಕೆಲಸ ಜಾಸ್ತಿ ಮುಂದಿನವುದೇ. ಆದರೆ ದಿನಾ ನಾವು ಹಾಕುವುದು ಹಗುರ ಬ್ರೇಕು. ಈಗಿನ ಗಾಡಿಗಳ ಇಬಿಡಿ (ಬ್ರೇಕಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ವ್ಯವಸ್ಥೆ) ಅಂಥ ಹೊತ್ತಿನಲ್ಲಿ ಹಿಂದಿನ ಚಕ್ರಕ್ಕೂ ಚೆನ್ನಾಗಿ ಕೆಲಸ ಕೊಡುತ್ತದೆ. ಹಿಂದಿನ ಪ್ಯಾಡ್ ಚಿಕ್ಕದು, ಡಿಸ್ಕ್ ತೆಳು. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಅದೇ ಮೊದಲು ಸವೆಯುತ್ತದೆ. ಆದರೂ ಒಳಗೆ ಹೊರಗೆ ಸಮ ಸವೆದಿದೆಯಾ ನೋಡಿ.

ಬಟನ್ ಇದ್ದರೆ ಸಾಮಾನ್ಯವಾಗಿ ಪಿಸ್ಟನ್ ತಿರುಗಿಸುವ ಮಾತಿಲ್ಲ. ಕ್ಯಾಲಿಪರಿಗೆ ಸಣ್ಣ ಮೋಟಾರ್ ಇರುತ್ತದೆ. ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡಿಗೆ ತಂದರೆ ಆ ಮೋಟಾರೇ ಒಳಗಿನ ಸ್ಕ್ರೂ ಹಿಂದಕ್ಕೆ ಎಳೆಯುತ್ತದೆ. ಆಮೇಲೆ ಪಿಸ್ಟನ್ನನ್ನು ನೇರ ಒತ್ತಬಹುದು. ಸರ್ವಿಸ್ ಮೋಡಿಗೆ ತರದೆ ಒತ್ತಿದರೆ ಮೋಟಾರಿನ ಗೇರ್ ಮುರಿಯಬಹುದು. ಪ್ಯಾಡ್ ಹೊರಗಿರುವಾಗ ಮನೆಯಲ್ಲಿ ಯಾರೂ ಆ ಬಟನ್ ಮುಟ್ಟದ ಹಾಗೆ ನೋಡಿಕೊಳ್ಳಿ. ಸ್ಕ್ಯಾನರ್ ಇರುವ ಯಾರಾದರೂ ಪಕ್ಕದಲ್ಲಿದ್ದರೆ ಮಾಡಿ, ಇಲ್ಲವಾದರೆ ಈ ಒಂದು ಕೆಲಸ ಹೊರಗೇ ಮಾಡಿಸುವುದು ಒಳ್ಳೆಯದು.

ಉದ್ಯಮಬಾಗ ಎರಕ, ಬೆಳಗಾವಿ · ಸೋಮವಾರ ಮಧ್ಯಾಹ್ನ 1:30

ಊಟದ ಬಿಡುವಿನಲ್ಲಿ ಓದಿದೆ. ನಾನು ಇಲ್ಲೇ ಫೌಂಡ್ರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಡಿಸ್ಕ್ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಬ್ರೇಕ್ ಡಿಸ್ಕ್ ಉಕ್ಕಿನದು ಅಂತ ಬಹಳ ಜನ ತಿಳಿದಿದ್ದಾರೆ. ಅದು ಬೀಡು (ಕಾಸ್ಟ್ ಐರನ್), ಎರಕ ಹೊಯ್ದದ್ದು. ಮುರಿದ ಡಿಸ್ಕಿನ ಚೂರು ನೋಡಿದರೆ ಒಡೆದ ಜಾಗ ಬೂದಿ ಬಣ್ಣಕ್ಕಿರುತ್ತದೆ. ಅದಕ್ಕೇ ಬೂದು ಬೀಡು ಅನ್ನುತ್ತಾರೆ. ಅದರಲ್ಲಿ ನೂರಕ್ಕೆ ಮೂರಕ್ಕಿಂತ ಜಾಸ್ತಿ ಇಂಗಾಲ ಇರುತ್ತದೆ. ಎರಕ ಆರುವಾಗ ಅದರಲ್ಲಿ ಬಹುಪಾಲು ತೆಳ್ಳಗಿನ ಗ್ರಾಫೈಟ್ ಎಸಳುಗಳಾಗಿ ಒಳಗೆ ನಿಲ್ಲುತ್ತದೆ. ಬ್ರೇಕಿನ ಬಿಸಿಯನ್ನು ಬೇಗ ಹರಡುವುದು ಆ ಎಸಳುಗಳೇ. ನಡುಕವನ್ನು, ಸದ್ದನ್ನು ನುಂಗುವುದೂ ಅವೇ. ಬೇಕಾದರೆ ಉಕ್ಕಿನ ತುಂಡಿಗೂ ಬೀಡಿನ ತುಂಡಿಗೂ ಸುತ್ತಿಗೆಯಿಂದ ಬಡಿದು ನೋಡಿ. ಉಕ್ಕು ಗಂಟೆಯ ಹಾಗೆ ಗುಂಯ್ ಅನ್ನುತ್ತದೆ. ಬೀಡು ಡಬ್ ಅಂತ ಸುಮ್ಮನಾಗುತ್ತದೆ. ಆ ಡಬ್ ಅನ್ನುವ ಗುಣವೇ ಬ್ರೇಕಿಗೆ ಬೇಕಾದದ್ದು.

ಇನ್ನೊಂದು ಮಾತು. ಬ್ರೇಕ್ ಹಾಕಿದಾಗ ಪೆಡಲ್ ನಡುಗಿದರೆ ಎಲ್ಲರೂ "ಡಿಸ್ಕ್ ಬೆಂಡ್ ಆಗಿದೆ" ಅನ್ನುತ್ತಾರೆ. ಬಿಸಿಗೆ ಡಿಸ್ಕ್ ಬಾಗುವುದು ಅಪರೂಪ. ಹೆಚ್ಚು ಸಲ ಆಗಿರುವುದು ಎರಡರಲ್ಲಿ ಒಂದು. ಪ್ಯಾಡಿನ ಪದರ ಡಿಸ್ಕಿನ ಮೇಲೆ ಅಲ್ಲಲ್ಲಿ ಅಂಟಿ ದಪ್ಪ ಏರುಪೇರು ಆಗಿರುತ್ತದೆ, ಇಲ್ಲವೇ ಹಬ್ಬಿಗೂ ಡಿಸ್ಕಿಗೂ ನಡುವೆ ತುಕ್ಕಿನ ಹೊಪ್ಪಳೆ ಉಳಿದು ಡಿಸ್ಕ್ ಓರೆ ಕೂತಿರುತ್ತದೆ. ಓಟ, ಅಂದರೆ ತಿರುಗುವಾಗ ಡಿಸ್ಕ್ ಅತ್ತಿತ್ತ ಓಲಾಡುವುದು, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಆದರೂ ಮುಂದೆ ನಡುಕ ಬರುತ್ತದೆ. ಹಬ್ಬನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆ ಅಂದಿರಲ್ಲ, ಅದು ಬಹಳ ಒಳ್ಳೆಯ ಕೆಲಸ. ಓಟ ಅಳೆಯುವ ಡಯಲ್ ಗೇಜ್ ಬೇಕಿದ್ದರೆ ನನ್ನ ಹತ್ತಿರ ಇದೆ, ಒಂದು ಸಂಜೆ ತಂದು ಎರಡೂ ಕಡೆ ಓಟ ನೋಡಿಕೊಡುತ್ತೇನೆ.

ಹಳೆಯ ಡಿಸ್ಕನ್ನು ಲೇತಿಗೆ ಹಾಕಿ ತೆಳು ತೆಗೆಸಬಹುದಾ ಅಂತ ಜನ ಕೇಳುತ್ತಾರೆ. ಮುಂದಿನ ದಪ್ಪ ಡಿಸ್ಕಿಗೆ ಸರಿ. ಹಿಂದಿನದು 10 ಮಿ.ಮೀ. ಇರುವಾಗ ತೆಗೆಯಲು ಉಳಿದಿರುವುದಾದರೂ ಎಷ್ಟು? ತೆಳುವಾದಷ್ಟೂ ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಘಾಟ್ ರಸ್ತೆಗೆ ಹೋಗುವವರು ಹೊಸದನ್ನೇ ಹಾಕಿ.

ನವನಗರ, ಬಾಗಲಕೋಟೆ · ಸೋಮವಾರ ಸಂಜೆ 6:10

ನನ್ನದು ಸ್ವಿಫ್ಟ್, ಹಿಂದೆ ಡ್ರಮ್. ಆದರೆ ಮುಂದಿನ ಬ್ರೇಕಿಗೂ ಇದೇ ಪಿನ್ ಇರುತ್ತದಲ್ಲ. ನಮ್ಮ ಕಡೆ ಎರಿ ಮಣ್ಣು. ಮಳೆ ಬಂದಾಗ ಹೊಲದ ದಾರಿಗೆ ಇಳಿದರೆ ಚಕ್ರದ ಒಳಗೆಲ್ಲ ಮೆತ್ತಿ ಒಣಗಿ ಇಟ್ಟಿಗೆಯಾಗುತ್ತದೆ. ನಾನು ಆರು ತಿಂಗಳಿಗೊಮ್ಮೆ ಪಿನ್ ತೆಗೆದು ಬೇರಿಂಗಿಗೆ ಹಾಕುವ ಹಳದಿ ಗ್ರೀಸ್ ಹಚ್ಚುತ್ತೇನೆ. ಎರಡನೇ ಸಲ ತೆಗೆಯುವಾಗ ಪಿನ್ ಮೊದಲಿಗಿಂತ ಬಿಗಿಯಾಗಿತ್ತು. ಮಣ್ಣಿನಿಂದ ಹೀಗಾಯಿತು ಅಂದುಕೊಂಡೆ. ಬೇರೆ ಕಾರಣ ಇದೆಯಾ?

ಟಿಳಕವಾಡಿ ಲಾರಾ · ಸೋಮವಾರ ಸಂಜೆ 6:45

ಕಾರಣ ಆ ಗ್ರೀಸೇ ಅನ್ನಿಸುತ್ತದೆ. ಬೇರಿಂಗ್ ಗ್ರೀಸ್ ಪೆಟ್ರೋಲಿಯಂನದು. ಬ್ರೇಕಿನ ರಬ್ಬರ್ ಅದನ್ನು ಕುಡಿದು ಉಬ್ಬುತ್ತದೆ. ಪಿನ್ನಿನ ತುದಿಗೆ ಸಣ್ಣ ರಬ್ಬರ್ ತೋಳು ಇದ್ದರೆ ಉಬ್ಬಿ ಪಿನ್ನನ್ನೇ ಹಿಡಿಯುತ್ತದೆ. ತೊಪ್ಪಿಗೆ, ತೋಳು ಎರಡೂ ಹೊಸದು ಹಾಕಿ, ಸಿಲಿಕೋನ್ ಗ್ರೀಸ್ ಮಾತ್ರ ಬಳಸಿ. ತೆಳ್ಳಗೆ ಸಾಕು. ತುಂಬಾ ತುಂಬಿದರೆ ಗಾಳಿ ಸಿಕ್ಕಿಕೊಂಡು ಪಿನ್ ಒಳಗೆ ಹೋಗುವುದಿಲ್ಲ. ಪ್ಯಾಡಿನ ಲೈನಿಂಗಿಗೆ, ಡಿಸ್ಕಿಗೆ ಯಾವ ಗ್ರೀಸೂ ತಗುಲಬಾರದು. ತಗುಲಿದ ಪ್ಯಾಡನ್ನು ಒರೆಸಿ ಹಾಕುವುದು ಬೇಡ, ಬದಲಿಸಿ.

ಮಣ್ಣಿಗೆ ಒಂದೇ ಉಪಾಯ. ತೊಳೆಯುವಾಗ ಪೈಪನ್ನು ಚಕ್ರದ ಒಳಭಾಗಕ್ಕೂ ಹಿಡಿಯಿರಿ. ಒಣ ಬ್ರೇಕ್ ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಪುಪ್ಪುಸಕ್ಕೆ ಹೋದರೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಹಳೇ ಡಿಪೋ ಕಾಕಾ, ವಿಜಯಪುರ · ಸೋಮವಾರ ರಾತ್ರಿ 8:30

ಬಸ್ ಡಿಪೋದಲ್ಲಿ ಬ್ರೇಕ್ ಕೆಲಸ ಮಾಡಿ ನಿವೃತ್ತಿ ಆದವನು ನಾನು. ಬಸ್ಸಿಗೆ ಗಾಳಿ ಬ್ರೇಕು, ನಿಮ್ಮದಕ್ಕೆ ಆಯಿಲ್. ಆದರೆ ಘಾಟ್ ಎಲ್ಲರಿಗೂ ಒಂದೇ. ನಮ್ಮ ಉಸ್ತಾದರು ಹೊಸ ಡ್ರೈವರುಗಳಿಗೆ ಹೇಳುತ್ತಿದ್ದರು, "ಯಾವ ಗೇರಿನ್ಯಾಗ ಹತ್ತತೀಯೋ ಅದ ಗೇರಿನ್ಯಾಗ ಇಳಿ" ಅಂತ. ಲಾರಾದವರು ಎರಡನೇ ಗೇರಿಗೆ ಹಾಕಿ ಇಳಿಸಿದ್ದರಿಂದ ಅವತ್ತು ಉಳಿದುಕೊಂಡಿದ್ದಾರೆ.

ಪ್ಯಾಡ್ ಬದಲಿಸಿದಿರಿ, ಬ್ರೇಕ್ ಆಯಿಲ್ ಬದಲಿಸಿದಿರಾ? ಅದರ ಬಗ್ಗೆ ಬರೆದೇ ಇಲ್ಲವಲ್ಲ.

ಟಿಳಕವಾಡಿ ಲಾರಾ · ಸೋಮವಾರ ರಾತ್ರಿ 9:05

ಕಾಕಾ, ನಮಸ್ಕಾರ. ಇನ್ನೂ ಬದಲಿಸಿಲ್ಲ. ಗಾಡಿ ನನ್ನ ಕೈಗೆ ಬಂದು ಮೂರು ವರ್ಷ ಆಯಿತು, ಒಮ್ಮೆಯೂ ಬದಲಿಸಿಲ್ಲ. ಮುಂದಿನ ಭಾನುವಾರ ಅದೇ ಕೆಲಸ.

ಹಳೇ ಡಿಪೋ ಕಾಕಾ · ಸೋಮವಾರ ರಾತ್ರಿ 9:30

ಅದಾಗುವ ತನಕ ಘಾಟಿಗೆ ಹೋಗಬೇಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಹೊಸದಿದ್ದಾಗ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಅಂತ ನಿಯಮ. ನೂರಕ್ಕೆ ಸುಮಾರು ಮೂರೂಮುಕ್ಕಾಲು ಪಾಲು ನೀರು ಸೇರಿದರೆ ಆ ಮಿತಿ 155ಕ್ಕೆ ಬರುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಕ್ಯಾಲಿಪರ್ ಒಳಗೆ ಆಯಿಲ್ ಕುದಿದು ಆವಿಯಾಗುತ್ತದೆ. ಆಯಿಲನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸೀಲ್ ಒಡೆದು ವರ್ಷಗಟ್ಟಲೆ ಇಟ್ಟ ಡಬ್ಬಿಯದನ್ನು ಹಾಕಬೇಡಿ, ಹೊಸ ಡಬ್ಬಿ ತನ್ನಿ.

ಗೋಕಾಕದ ಚಾಲಕಿ · ಮಂಗಳವಾರ ಬೆಳಿಗ್ಗೆ 10:15

ನಮ್ಮದೊಂದು ತೊಂದರೆ ಇದೆ, ದಯವಿಟ್ಟು ಹೇಳಿ. ಅಪ್ಪನ ಹಳೆಯ ಕಾರಿನ ಮುಂದಿನ ಎರಡೂ ಕ್ಯಾಲಿಪರ್ ಸೋರುತ್ತಿದ್ದವು. ನಾನು, ನನ್ನ ತಮ್ಮ ಸೇರಿ ಬಿಚ್ಚಿ ಅಂಗಡಿಗೆ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದು ಜೋಡಿಸಿದೆವು. ಹೊಸ ಪ್ಯಾಡ್, ಹೊಸ ಆಯಿಲ್. ಮೂರು ಸಲ ಗಾಳಿ ತೆಗೆದೆವು. ಒಂದೂವರೆ ಲೀಟರ್ ಆಯಿಲ್ ಹೋಯಿತು. ಆದರೂ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದೆ. ನಾಲ್ಕೈದು ಸಲ ಒತ್ತಿದರೆ ಸ್ವಲ್ಪ ಗಟ್ಟಿಯಾಗುತ್ತದೆ, ಬಿಟ್ಟರೆ ಮತ್ತೆ ಮೆತ್ತಗೆ. ಗಾಡಿ ಹೊರಗೆ ತೆಗೆದಿಲ್ಲ.

ಹಳೇ ಡಿಪೋ ಕಾಕಾ · ಮಂಗಳವಾರ ಬೆಳಿಗ್ಗೆ 11:00

ಹೊರಗೆ ತೆಗೆಯದೆ ಇದ್ದದ್ದು ಜಾಣತನ ಮಾಡಿದಿ ತಂಗಿ. ಒತ್ತಿದಷ್ಟೂ ಗಟ್ಟಿಯಾಗುತ್ತದೆ ಅಂದರೆ ಗಾಳಿ ಒಳಗೇ ಇದೆ. ಒಂದು ಕೆಲಸ ಮಾಡು. ಗಾಳಿ ತೆಗೆಯುವ ನಿಪ್ಪಲ್ ಕ್ಯಾಲಿಪರಿನ ಮೇಲ್ಗಡೆ ಇದೆಯೋ ಕೆಳಗಡೆ ಇದೆಯೋ ನೋಡು.

ಗೋಕಾಕದ ಚಾಲಕಿ · ಮಂಗಳವಾರ ಮಧ್ಯಾಹ್ನ 12:20

ಕಾಕಾ, ಎರಡೂ ಕಡೆ ಕೆಳಗಡೆ ಇದೆ!

ಹಳೇ ಡಿಪೋ ಕಾಕಾ · ಮಂಗಳವಾರ ಮಧ್ಯಾಹ್ನ 12:35

ಹಾಗಾದರೆ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ ಹೋಗಿದೆ. ಅಂಗಡಿಯಿಂದ ಬರುವಾಗ ಅದಲು ಬದಲಾಗಿದೆ. ಗಾಳಿ ಮೇಲೆ ಹೋಗಿ ಕೂರುತ್ತದೆ, ನೀವು ಕೆಳಗಿನಿಂದ ಆಯಿಲ್ ತೆಗೆಯುತ್ತಾ ಕೂತಿದ್ದೀರಿ. ಎಷ್ಟು ಲೀಟರ್ ಹಾಕಿದರೂ ಅದು ಹೊರಗೆ ಬರುವುದಿಲ್ಲ. ಬಿಚ್ಚಿ ಅದಲು ಬದಲು ಮಾಡಿ. ಪೈಪಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ. ಆಮೇಲೆ ಗಾಳಿ ತೆಗೆಯಿರಿ. ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಬಿಡುವುದು, ನಿಪ್ಪಲ್ ಮುಚ್ಚಿದ ಮೇಲೇ ಪೆಡಲ್ ಬಿಡುವುದು. ಡಬ್ಬಿಯಲ್ಲಿ ಆಯಿಲ್ ಖಾಲಿ ಆಗಗೊಡಬೇಡಿ.

ಗೋಕಾಕದ ಚಾಲಕಿ · ಬುಧವಾರ ರಾತ್ರಿ 8:50

ಕಾಕಾ, ಬಹಳ ಧನ್ಯವಾದ. ಬದಲಿಸಿ ಗಾಳಿ ತೆಗೆದೆವು. ನಿಪ್ಪಲಿಗೆ ಹಾಕಿದ ಪೈಪಿನಲ್ಲಿ ಮೊದಲ ಸಲವೇ ಗುಳ್ಳೆ ಗುಳ್ಳೆಯಾಗಿ ಬಂತು. ಈಗ ಪೆಡಲ್ ಅರ್ಧದಲ್ಲೇ ಕಲ್ಲಿನ ಹಾಗೆ ನಿಲ್ಲುತ್ತದೆ. ಅಪ್ಪ ಸ್ವತಃ ಕೂತು ಓಣಿಯಲ್ಲಿ ನಾಲ್ಕು ಸುತ್ತು ಹಾಕಿ ಬಂದರು.

ನವನಗರ, ಬಾಗಲಕೋಟೆ · ಬುಧವಾರ ರಾತ್ರಿ 9:20

ಸಂತೋಷ ಆಯಿತು ಅಕ್ಕಾ. ನನ್ನ ಪಿನ್ ತೋಳು ಉಬ್ಬಿತ್ತು, ಲಾರಾ ಅಣ್ಣ ಹೇಳಿದ ಹಾಗೇ. ಹೊಸದು ತರಿಸಿದ್ದೇನೆ. ಅಣ್ಣಾ, ಹೊಸ ಪ್ಯಾಡ್ ಹಾಕಿದ ಮೇಲೆ ಪಳಗಿಸಬೇಕು ಅನ್ನುತ್ತಾರಲ್ಲ, ಅದು ಹೇಗೆ?

ಟಿಳಕವಾಡಿ ಲಾರಾ · ಬುಧವಾರ ರಾತ್ರಿ 10:00

ನಾನು ಮಾಡಿದ್ದು ಹೇಳುತ್ತೇನೆ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಬರುವ ತನಕ ಹದವಾಗಿ ಬ್ರೇಕ್ ಹಾಕುವುದು, ಪೂರ್ತಿ ನಿಲ್ಲಿಸುವುದಿಲ್ಲ. ಅರ್ಧ ಕಿ.ಮೀ. ಸುಮ್ಮನೆ ಓಡಿಸಿ ಆರಲು ಬಿಟ್ಟು ಮತ್ತೆ. ಹೀಗೆ ಹತ್ತು ಸಲ. ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮವಾಗಿ ಕೂರಲಿ ಅಂತ. ಬಿಸಿ ಇರುವಾಗ ಪೆಡಲ್ ಒತ್ತಿ ನಿಲ್ಲಿಸಿಕೊಂಡರೆ ಪ್ಯಾಡ್ ಇರುವ ಜಾಗದಲ್ಲೇ ಪದರ ಅಂಟುತ್ತದೆ, ಎರಕದ ಅಣ್ಣ ಹೇಳಿದ ನಡುಕ ಅಲ್ಲಿಂದಲೇ ಶುರು. ಮೊದಲ 200-300 ಕಿ.ಮೀ. ಜೋರು ಬ್ರೇಕ್ ತಪ್ಪಿಸಿದರೆ ಒಳ್ಳೆಯದು.

ಟಿಳಕವಾಡಿ ಲಾರಾ · ಎರಡು ವಾರದ ಮೇಲೆ, ಶನಿವಾರ ಸಂಜೆ 7:30

ಕಾಕಾ ಹೇಳಿದ ಹಾಗೆ ಆಯಿಲ್ ಬದಲಿಸಿದೆ. ಹಳೆಯದು ಚಹಾದ ಬಣ್ಣಕ್ಕೆ ತಿರುಗಿತ್ತು. ಎರಕದ ಅಣ್ಣ ಡಯಲ್ ಗೇಜ್ ತಂದು ಓಟ ನೋಡಿದರು. ಎಡಕ್ಕೆ 0.04 ಮಿ.ಮೀ., ಬಲಕ್ಕೆ 0.03.

ನಿನ್ನೆ ಒಬ್ಬನೇ ಚೋರ್ಲಾ ಇಳಿದು ಸಾಖಳಿ ತನಕ ಹೋಗಿ ಬಂದೆ. ಕೆಳಗೆ ನಿಲ್ಲಿಸಿ ಹಿಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ, ಮುಟ್ಟಲಿಲ್ಲ. ಎರಡೂ ಕಡೆ ಬಿಸಿ ಒಂದೇ ಹದ. ಇವತ್ತು ಚಕ್ರ ಬಿಚ್ಚಿ ಪ್ಯಾಡ್ ಅಳೆದೆ. ಒಳಗೆ ಹೊರಗೆ ಸಮ ಇದೆ.

ಖಾನಾಪುರ ರಸ್ತೆ · ಶನಿವಾರ ರಾತ್ರಿ 8:15

ಸರ್, ನಾನೂ ಈ ವಾರ ಗ್ಯಾರೇಜಿಗೆ ಹೋಗಿ ಚಕ್ರ ಬಿಚ್ಚಿಸಿ ಪಕ್ಕದಲ್ಲೇ ನಿಂತಿದ್ದೆ. ಬಲಗಡೆ ಹಿಂದಿನದು ಹೊರಗೆ 7 ಇದೆ, ಒಳಗೆ 3. ಪಿನ್ ಹಿಡಿದಿದೆ. ನೀವು ಬರೆಯದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅವರು ಕ್ಯಾಲಿಪರೇ ಬದಲಿಸಬೇಕು ಅನ್ನುತ್ತಿದ್ದಾರೆ. ಪಿಸ್ಟನ್ ಚೆನ್ನಾಗಿಯೇ ಇದೆ. ಪಿನ್, ತೊಪ್ಪಿಗೆ ಬದಲಿಸಿದರೆ ಸಾಕಲ್ವಾ? ಆ 15ರ ತೆಳು ಪಾನಾ ಎಲ್ಲಿ ಸಿಕ್ಕಿತು? ನಾನು ಕೇಳಿದ ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲ ದಪ್ಪವೇ.

ಟಿಳಕವಾಡಿ ಲಾರಾ · ಶನಿವಾರ ರಾತ್ರಿ 8:30

ಸೈಕಲ್ ಅಂಗಡಿಯಲ್ಲಿ ಕೇಳಿ ಸರ್. ಚಕ್ರದ ಕೋನ್ ಬಿಗಿಯುವ ತೆಳು ಪಾನಾ ಇರುತ್ತದೆ, ಅದರಲ್ಲಿ 15 ಸಿಗುತ್ತದೆ. ಪಿಸ್ಟನ್ ಸಲೀಸಾಗಿ ತಿರುಗಿ ಒಳಗೆ ಹೋಗಿ, ಅದರ ರಬ್ಬರ್ ಹರಿಯದೆ ಇದ್ದು, ಎಲ್ಲೂ ಸೋರದಿದ್ದರೆ ಪಿನ್ ಕಿಟ್ ಸಾಕು. ನಾಳೆ ಬೆಳಿಗ್ಗೆ ಬಿಡುವಿದ್ದರೆ ಗಾಡಿ ಇಲ್ಲಿಗೇ ತನ್ನಿ. ಸ್ಟ್ಯಾಂಡ್, ಪಿಸ್ಟನ್ ಕಿಟ್, ಟಾರ್ಕ್ ರೆಂಚ್ ಎಲ್ಲ ಇದೆ. ಸಿಮೆಂಟ್ ನೆಲ, ಇಳಿಜಾರಿಲ್ಲ. ನೀವು ಪಕ್ಕದಲ್ಲಿ ನಿಂತು ಒಂದೊಂದನ್ನೂ ಕೇಳಿ, ಆಮೇಲೆ ಬೋಲ್ಟು ಬಿಚ್ಚೋಣ.

ಖಾನಾಪುರ ರಸ್ತೆ · ಶನಿವಾರ ರಾತ್ರಿ 8:40

ಎಂಟಕ್ಕೆ ಬರುತ್ತೇನೆ. ಚಕ್ರಕ್ಕೆ ಕೊಡಲು ಎರಡು ಮರದ ತುಂಡು ನನ್ನ ಹತ್ತಿರ ಇವೆ, ತರುತ್ತೇನೆ.